ಸಂಗೀತೋತ್ಸವದ ಬಯಲಲ್ಲಿ ಟೆಂಟ್ ಹಾಕುವುದು ಹೇಗೆ?

ಗೆಳೆಯರೆಲ್ಲ ಸೇರಿ ಬಯಲು ಸಂಗೀತೋತ್ಸವಕ್ಕೆ ಹೊರಟರೆ ಯಾರ ಹಾಡು ಎಷ್ಟು ಹೊತ್ತಿಗೆ ಎಂಬ ಪಟ್ಟಿ ಎಲ್ಲರ ಮೊಬೈಲಿನಲ್ಲೂ ಇರುತ್ತದೆ. ಟೆಂಟಿನ ಚೀಲದಲ್ಲಿ ಗೂಟ ಎಷ್ಟಿವೆ ಎಂದು ಎಣಿಸಿ ನೋಡಿದವರು ಮಾತ್ರ ವಿರಳ. ರಾತ್ರಿ ಗಾಳಿ ಎದ್ದಾಗ ಟೆಂಟ್ ಮಗುಚುವುದೂ ಮಳೆಗೆ ಹಾಸಿಗೆ ನೆನೆಯುವುದೂ ಬಹುಪಾಲು ಗೂಟ, ಹಗ್ಗಗಳ ತಪ್ಪಿನಿಂದಲೇ. ಹಾಗಾಗಿ ಇಲ್ಲಿ ಹೆಚ್ಚಿನ ಮಾತು ಅವುಗಳ ಬಗ್ಗೆಯೇ.

1. ಹೊರಡುವ ಮೊದಲು

ಚೀಲದ ಮೇಲೆ ‘ನಾಲ್ವರಿಗೆ’ ಎಂದಿದ್ದರೆ ಇಬ್ಬರಿಗೆ ಮತ್ತು ಅವರ ಸಾಮಾನಿಗೆ ಎಂದು ತಿಳಿಯಿರಿ. ತಯಾರಕರು ಒಬ್ಬರಿಗೆ ಸುಮಾರು 60 ಸೆಂ.ಮೀ. ಅಗಲ ಹಿಡಿದು ಲೆಕ್ಕ ಹಾಕುತ್ತಾರೆ. ಬ್ಯಾಗುಗಳು ಆ ಲೆಕ್ಕದಲ್ಲಿಲ್ಲ. ನಾಲ್ಕು ಜನರಿದ್ದರೆ ಒಂದು ದೊಡ್ಡ ಟೆಂಟಿಗಿಂತ ಎರಡು ಚಿಕ್ಕವು ಮೇಲು. ಗಾಳಿಯ ಹೊಡೆತ ಕಡಿಮೆ, ತಡವಾಗಿ ಬಂದವರಿಂದ ಮಲಗಿದವರಿಗೆ ತೊಂದರೆಯೂ ಇಲ್ಲ. ನೀರು ತಡೆಯುವ ಶಕ್ತಿಯನ್ನು ಮಿಲಿಮೀಟರಿನಲ್ಲಿ ಬರೆದಿರುತ್ತಾರೆ. ಹೊರಪದರಕ್ಕೆ 2000, ನೆಲಹಾಸಿಗೆ 3000 ಇರಲಿ. ಮಂಡಿಯೂರಿ ಕೂತಾಗ ಭಾರವೆಲ್ಲ ಒಂದೇ ಕಡೆ ಬಿದ್ದು ಕೆಳಗಿನ ತೇವ ಒಳಗೆ ನುಗ್ಗುತ್ತದೆ, ಅದಕ್ಕೇ ನೆಲಕ್ಕೆ ಹೆಚ್ಚು ಬೇಕು.

ಎಸೆದರೆ ತಾನೇ ಬಿಚ್ಚಿಕೊಳ್ಳುವ ಒಂದೇ ಪದರದ ಅಗ್ಗದ ಟೆಂಟ್ ಬೇಡ. ಬಿಚ್ಚಿಕೊಳ್ಳಲು ಎರಡು ಸೆಕೆಂಡು ಸಾಕು. ಆದರೆ ಉಸಿರಿನ ತೇವ ರಾತ್ರಿಯಿಡೀ ಮೈಮೇಲೆ ತೊಟ್ಟಿಕ್ಕುತ್ತದೆ, ಮತ್ತೆ ಮಡಚುವುದು ಗೊತ್ತಿಲ್ಲದವರು ಟೆಂಟನ್ನು ನಿಲ್ಲಿಸುವ ಕಡ್ಡಿ ಮುರಿಯುತ್ತಾರೆ. ಎಂಥ ಟೆಂಟಾದರೂ ಮೊದಲು ಮನೆಯ ಹತ್ತಿರ ಒಮ್ಮೆ ಪೂರ್ತಿ ಕಟ್ಟಿ ನೋಡಿ. ರಬ್ಬರ್ ಸುತ್ತಿಗೆ, ಆರು ಹೆಚ್ಚುವರಿ ಗೂಟ, 3 ಮಿ.ಮೀ. ದಪ್ಪದ 10 ಮೀಟರ್ ಹಗ್ಗ, ಬಟ್ಟೆಯ ಟೇಪು, ತಲೆಗೆ ಕಟ್ಟುವ ಟಾರ್ಚು ಜೊತೆಗಿರಲಿ. ಗಾಜು, ಒಲೆಗಳ ಬಗ್ಗೆ ಆಯೋಜಕರ ನಿಯಮ ಓದಿಕೊಳ್ಳಿ.

2. ಜಾಗ ಹಿಡಿಯುವುದು

ಬೆಳಕಿರುವಾಗಲೇ ತಲುಪಿ. ನೀರು ಹರಿದು ಬಂದು ನಿಲ್ಲುವ ತಗ್ಗು, ಶೌಚಾಲಯದ ಸಾಲು, ಜನರೇಟರ್, ದೊಡ್ಡ ದೀಪದ ಕಂಬ, ಓಡಾಟದ ದಾರಿ ಇವುಗಳಿಂದ ದೂರವಿರಿ. ಮರದ ಕೆಳಗೆ ನೆರಳಿದ್ದರೂ ಬೇಡ: ಗಾಳಿಗೆ ಕೊಂಬೆ ಬೀಳುತ್ತದೆ, ಸಿಡಿಲಿನ ಭಯವೂ ಇದೆ. ನೆಲ ಸ್ವಲ್ಪ ಇಳಿಜಾರಾಗಿದ್ದರೆ ತಲೆ ಮೇಲಿನ ಕಡೆಗೆ ಬರಲಿ.

3. ಟೆಂಟ್ ನಿಲ್ಲಿಸುವುದು

ಕಲ್ಲು, ಕಡ್ಡಿ ಆರಿಸಿ ಅಡಿಹಾಸು ಹಾಸಿ. ಅದು ಟೆಂಟಿನ ತಳಕ್ಕಿಂತ ಸುತ್ತಲೂ ನಾಲ್ಕೈದು ಸೆಂ.ಮೀ. ಚಿಕ್ಕದಾಗಿರಬೇಕು. ದೊಡ್ಡ ಟಾರ್ಪಾಲನ್ನು ಹಾಗೇ ಹಾಸಿ ಅಂಚು ಹೊರಗೆ ಬಿಡುವವರೇ ಹೆಚ್ಚು. ಹೊರಗೆ ಉಳಿದ ಅಂಚಿನ ಮೇಲೆ ಬಿದ್ದ ಮಳೆನೀರು ಟೆಂಟಿನ ಅಡಿಗೆ ಹರಿದು ಅಲ್ಲೇ ನಿಲ್ಲುತ್ತದೆ. ಟಾರ್ಪಾಲ್ ದೊಡ್ಡದಾದರೆ ಅಂಚನ್ನು ಕೆಳಮುಖವಾಗಿ ಮಡಚಿ ಒಳಗೆ ಸೇರಿಸಿ.

ಬಾಗಿಲು ಗಾಳಿ ಬೀಸುವ ಕಡೆಗೆ ಬೇಡ. ಗಾಳಿಯಿದ್ದರೆ ಅದು ಬರುವ ಕಡೆಯ ಎರಡು ಮೂಲೆಗೆ ಮೊದಲು ಗೂಟ ಹೊಡೆದು ಆಮೇಲೆ ಟೆಂಟಿನ ಕಡ್ಡಿ ಏರಿಸಿ. ಮೂಲೆಗಳನ್ನು ಬಿಗಿಯುವಾಗ ಬಾಗಿಲಿನ ಜಿಪ್ ಪೂರ್ತಿ ಹಾಕಿರಲಿ. ಬಾಗಿಲು ತೆರೆದಿಟ್ಟು ಬಿಗಿದರೆ ಟೆಂಟ್ ಅಗಲಕ್ಕೆ ಎಳೆದುಕೊಂಡು ಜಿಪ್ ಕೂಡುವುದಿಲ್ಲ, ಬಲವಂತ ಮಾಡಿದರೆ ಹಲ್ಲು ಕಿತ್ತುಬರುತ್ತದೆ.

ಇನ್ನು ಗೂಟ. ತಲೆ ಟೆಂಟಿನಿಂದ ಆಚೆಗೆ, ಮೊನೆ ಟೆಂಟಿನ ಕಡೆಗೆ ವಾಲಿರಬೇಕು. ಹಗ್ಗ ಎಳೆದಾಗ ಗೂಟಕ್ಕೂ ಹಗ್ಗಕ್ಕೂ ನಡುವೆ ಹೆಚ್ಚುಕಡಿಮೆ ಲಂಬಕೋನ ಬರಬೇಕು. ತಲೆಯನ್ನು ಟೆಂಟಿನ ಕಡೆಗೆ ವಾಲಿಸಿದರೆ ಗಾಳಿಯ ಪ್ರತಿ ಎಳೆತಕ್ಕೂ ಹಗ್ಗ ಮೇಲೆ ಜಾರುತ್ತದೆ, ಗೂಟವೂ ಸ್ವಲ್ಪ ಸ್ವಲ್ಪವೇ ಕಿತ್ತುಬರುತ್ತದೆ. ಕೊಕ್ಕೆ ನೆಲಕ್ಕೆ ತಾಗುವಷ್ಟು ಆಳಕ್ಕೆ ಹೊಡೆಯಿರಿ. ಅರ್ಧ ಹೊರಗಿದ್ದರೆ ಅದೇ ಸನ್ನೆಕೋಲಿನಂತಾಗಿ ಮಣ್ಣನ್ನು ಸಡಿಲಿಸುತ್ತದೆ, ಕತ್ತಲಲ್ಲಿ ಕಾಲಿಗೂ ಚುಚ್ಚುತ್ತದೆ. ಟೆಂಟಿನ ಜೊತೆ ಬರುವ ತೆಳು ತಂತಿಯ ಗೂಟಗಳು ಎರಡು ಏಟಿಗೇ ಬಾಗುತ್ತವೆ, ಅವನ್ನು ನಂಬಬೇಡಿ. ಗಟ್ಟಿ ನೆಲಕ್ಕೆ ಮೊಳೆಯಂಥ ದಪ್ಪ ಉಕ್ಕಿನ ಗೂಟ, ಮೆತ್ತನೆ ಮಣ್ಣಿಗೆ 25 ರಿಂದ 30 ಸೆಂ.ಮೀ. ಉದ್ದದ ಅಗಲ ಮೈಯ ಗೂಟ ಬೇಕು. ಮರಳಿನಲ್ಲಿ ಸಾಮಾನ್ಯ ಗೂಟ ನಿಲ್ಲುವುದಿಲ್ಲ. ಚೀಲಕ್ಕೆ ಮರಳು ತುಂಬಿ, ಬಾಯಿಗೆ ಹಗ್ಗ ಕಟ್ಟಿ, ಒಂದಡಿ ಆಳದಲ್ಲಿ ಹೂಳಬೇಕು.

ಹೊರಪದರದ ಹಗ್ಗಗಳು ಅಲಂಕಾರಕ್ಕೆ ಕೊಟ್ಟವಲ್ಲ. ‘ಇವತ್ತು ಗಾಳಿಯಿಲ್ಲ’ ಎಂದು ಸುತ್ತಿಟ್ಟರೆ ನಡುರಾತ್ರಿ ಮಳೆಯಲ್ಲಿ ನಿಂತು ಕಟ್ಟಬೇಕಾಗುತ್ತದೆ. ಹಗ್ಗ ಹೊರಟ ಜಾಗ ನೆಲದಿಂದ ಎಷ್ಟು ಎತ್ತರವೋ ಕನಿಷ್ಠ ಅಷ್ಟೇ ದೂರಕ್ಕೆ ಗೂಟ ಹೊಡೆಯಿರಿ. ಹತ್ತಿರ ಹೊಡೆದರೆ ಹಗ್ಗ ಗೂಟವನ್ನು ನೇರ ಮೇಲಕ್ಕೆ ಎಳೆಯುತ್ತದೆ. ಹೊರಪದರ ಒಳಪದರಕ್ಕೆ ಎಲ್ಲೂ ಅಂಟದೆ, ನಡುವೆ ಅಂಗೈ ತೂರುವಷ್ಟು ಸಂದು ಇರಬೇಕು. ಅಂಟಿದ ಕಡೆಯಿಂದಲೇ ತೇವ ಒಳಗೆ ಇಳಿಯುತ್ತದೆ.

ಬಿಗಿ ಮಾಡುವ ಪ್ಲಾಸ್ಟಿಕ್ ತುಂಡು ಮುರಿದಿದ್ದರೆ ಜಾರುಗಂಟು ಹಾಕಬಹುದು. ಹಗ್ಗವನ್ನು ಗೂಟಕ್ಕೆ ಬಳಸಿ ತುದಿಯನ್ನು ಟೆಂಟಿನತ್ತ ತನ್ನಿ. ಟೆಂಟಿನಿಂದ ಬಂದ ಹಗ್ಗಕ್ಕೆ, ಕುಣಿಕೆಯ ಒಳಗಿನಿಂದ, ಗೂಟದ ಕಡೆಗೆ ಸಾಗುವಂತೆ ಎರಡು ಸುತ್ತು ಹಾಕಿ. ನಂತರ ಆ ಸುತ್ತುಗಳನ್ನು ದಾಟಿ, ಟೆಂಟಿನ ಕಡೆಗೆ ಅದೇ ದಿಕ್ಕಿನಲ್ಲಿ ಇನ್ನೊಂದು ಸುತ್ತು ಹಾಕಿ ಬಿಗಿಯಿರಿ. ಕೈಯಿಂದ ತಳ್ಳಿದರೆ ಗಂಟು ಜಾರುತ್ತದೆ, ಹಗ್ಗ ಎಳೆದರೆ ಕಚ್ಚಿ ನಿಲ್ಲುತ್ತದೆ. ನೈಲಾನ್ ಬಟ್ಟೆ ನೆನೆದರೆ ಜೋಲುತ್ತದೆ, ಹಾಗಾಗಿ ಸಂಜೆ ವೇದಿಕೆಯತ್ತ ಹೊರಡುವ ಮುಂಚೆ ಎಲ್ಲ ಹಗ್ಗವನ್ನೂ ಮತ್ತೊಮ್ಮೆ ಬಿಗಿಯಿರಿ. ಪ್ರತಿ ಹಗ್ಗಕ್ಕೂ ಒಂದು ಬಿಳಿ ಬಟ್ಟೆಯ ಚೂರು ಕಟ್ಟಿ. ಕತ್ತಲಲ್ಲಿ ಎಡವಿ ಬೀಳುವವರ ಮುಖವೂ ಉಳಿಯುತ್ತದೆ, ನಿಮ್ಮ ಟೆಂಟೂ ಉಳಿಯುತ್ತದೆ.

ಮಳೆ ಬಂದರೂ ಗಾಳಿಕಿಂಡಿ ಮುಚ್ಚಬೇಡಿ. ಎಲ್ಲ ಮುಚ್ಚಿ ಮಲಗಿದವರು ಬೆಳಿಗ್ಗೆ ಟೆಂಟ್ ಸೋರುತ್ತಿದೆ ಎನ್ನುತ್ತಾರೆ. ಎಷ್ಟೋ ಸಲ ಅದು ಅವರದೇ ಉಸಿರಿನ ನೀರು.

ಟೆಂಟಿನೊಳಗೆ ಒಲೆ, ಇದ್ದಿಲು ಎಂದೂ ಬೇಡ. ಆರಿದಂತೆ ಕಾಣುವ ಕೆಂಡವನ್ನು ಬೆಚ್ಚಗಾಗಲಿ ಎಂದು ಒಳಗಿಟ್ಟುಕೊಂಡರೂ ಅದು ಕಾರ್ಬನ್ ಮಾನಾಕ್ಸೈಡ್ ಬಿಡುತ್ತಲೇ ಇರುತ್ತದೆ. ಆ ಅನಿಲಕ್ಕೆ ವಾಸನೆಯಿಲ್ಲ, ನಿದ್ದೆಯಲ್ಲಿದ್ದವರಿಗೆ ಎಚ್ಚರವೂ ಆಗುವುದಿಲ್ಲ.

4. ನಿದ್ದೆ, ಕಿವಿ

ಮೈಯ ಬಿಸಿಯನ್ನು ನೆಲ ಎಳೆದುಕೊಳ್ಳುತ್ತದೆ, ಆದ್ದರಿಂದ ಹೊದಿಕೆಗಿಂತ ಮೊದಲು ಒಳ್ಳೆಯ ಮ್ಯಾಟ್ ಕೊಳ್ಳಿ. ಕಿವಿಗೆ ಫೋಮಿನ ಬಿರಡೆ ಬೇಕೇ ಬೇಕು. 85 ಡೆಸಿಬೆಲ್ ಸದ್ದಿನಲ್ಲಿ 8 ಗಂಟೆ ಇರಬಹುದು ಎಂಬುದು ಸಾಮಾನ್ಯವಾಗಿ ಪಾಲಿಸುವ ಮಿತಿ. ಪ್ರತಿ 3 ಡೆಸಿಬೆಲ್‌ಗೆ ಅವಧಿ ಅರ್ಧವಾಗುತ್ತಾ ಹೋಗಿ, 100ಕ್ಕೆ ಬರುವಾಗ ಉಳಿಯುವುದು 15 ನಿಮಿಷ ಮಾತ್ರ. ಬಿರಡೆಯನ್ನು ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ತೂರಿಸಿ, ಉಬ್ಬಿಕೊಳ್ಳುವವರೆಗೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಬರೀ ಕಿವಿಯ ಬಾಯಿಗೆ ಸಿಕ್ಕಿಸಿದರೆ ಪ್ರಯೋಜನವಿಲ್ಲ.

5. ಗುಂಪು ಚದುರದಂತೆ

ಜನಜಂಗುಳಿಯಲ್ಲಿ ಕರೆ ಹೋಗದು, ಸಿಗ್ನಲ್ ಹುಡುಕಿ ಹುಡುಕಿ ಬ್ಯಾಟರಿಯೂ ಬೇಗ ಮುಗಿಯುತ್ತದೆ. ಎಲ್ಲಿ, ಎಷ್ಟು ಗಂಟೆಗೆ ಸೇರುವುದೆಂದು ಮೊದಲೇ ಮಾತಾಡಿಕೊಳ್ಳಿ. ‘ವೇದಿಕೆಯ ಎಡಕ್ಕೆ’ ಎಂದರೆ ಸಾಲದು, ಅಲುಗದ ಒಂದು ಗುರುತು ಹೇಳಿ. 10,000 ಎಂಎಎಚ್ ಪವರ್ ಬ್ಯಾಂಕಿನಿಂದ ಇಂದಿನ ದೊಡ್ಡ ಫೋನು ಸುಮಾರು ಒಂದೂವರೆ ಸಲ ಚಾರ್ಜ್ ಆಗುತ್ತದೆ, ಎರಡು ಸಲವಲ್ಲ. ಟೆಂಟಿಗೆ ಬೀಗ ಹಾಕುವುದು ವ್ಯರ್ಥ: ಬಟ್ಟೆ ಹರಿಯಲು ಒಂದು ಬ್ಲೇಡು ಸಾಕು, ಬೀಗ ನೋಡಿದವರಿಗೆ ಒಳಗೆ ಏನೋ ಇದೆ ಎಂದೂ ಗೊತ್ತಾಗುತ್ತದೆ. ಹಣ, ಫೋನು ಮೈಮೇಲೇ ಇರಲಿ.

6. ಕೀಳುವಾಗ

ಗೂಟವನ್ನು ಹಗ್ಗ ಹಿಡಿದು ಜಗ್ಗಬೇಡಿ, ಇನ್ನೊಂದು ಗೂಟದ ಕೊಕ್ಕೆಯಿಂದ ಎತ್ತಿ. ಎಣಿಸಿ ಚೀಲಕ್ಕೆ ಹಾಕಿ, ಕಸವನ್ನೂ ಟೆಂಟನ್ನೂ ಬಿಡದೆ ಒಯ್ಯಿರಿ. ಒದ್ದೆಯಾಗಿಯೇ ಮಡಚಿದ್ದರೆ ಮನೆಗೆ ಬಂದ ದಿನವೇ ನೆರಳಲ್ಲಿ ಹರವಿ, ಹೊಲಿಗೆಗಳು ಒಣಗಿದವೇ ಎಂದು ಮುಟ್ಟಿ ನೋಡಿದ ಮೇಲೆ ಚೀಲಕ್ಕೆ ತುಂಬಿ. ಬೂಷ್ಟು ಶುರುವಾಗುವುದು ಹೊಲಿಗೆಗಳಿಂದಲೇ.