ಬಟ್ಟೆ ಮೇಲೆ ಯುವಿ ಪ್ರಿಂಟ್ ಹೊಡೆಯುವುದು ಹೇಗೆ?

ಮಾರಿಕಾಂಬಾ ಜಾತ್ರೆ ಬಂತೆಂದರೆ ಶಿರಸಿಯ ನಮ್ಮ ಅಂಗಡಿಯಲ್ಲಿ ಬಟ್ಟೆ ಬ್ಯಾನರ್ ಕೇಳುವವರೇ ಜಾಸ್ತಿ. ಹೊಸದಾಗಿ ಯುವಿ ಮಷೀನ್ (ಅತಿನೇರಳೆ ಬೆಳಕಿನಿಂದ ಇಂಕ್ ಗಟ್ಟಿ ಮಾಡುವ ಪ್ರಿಂಟರ್) ತಂದವರಿಗೆ ಇದು.

ಬಟ್ಟೆ ಆರಿಸುವುದರಲ್ಲೇ ಅರ್ಧ ಕೆಲಸ ಇದೆ. ಯುವಿ ಇಂಕ್ ಗಾಳಿಗೆ ಆರುವುದಿಲ್ಲ. ಮಷೀನಿನ ಎಲ್‌ಇಡಿ ಲ್ಯಾಂಪಿನ ಯುವಿ ಬೆಳಕು, ಸಾಮಾನ್ಯವಾಗಿ 365ರಿಂದ 395 ನ್ಯಾನೊಮೀಟರ್, ಬಿದ್ದಾಗ ಮಾತ್ರ ಗಟ್ಟಿಯಾಗುತ್ತದೆ. ಹತ್ತಿ ಬಟ್ಟೆ ಇಂಕನ್ನು ಒಳಗೆ ಎಳೆದುಕೊಳ್ಳುತ್ತದೆ. ಅಲ್ಲಿಗೆ ಬೆಳಕು ಮುಟ್ಟಬೇಕಲ್ವಾ? ಬೆಳಕು ಮುಟ್ಟದ ಇಂಕ್ ಹಸಿಯಾಗೇ ಉಳಿದು ಚರ್ಮಕ್ಕೆ ಅಲರ್ಜಿ ಮಾಡಬಹುದು. ಅದಕ್ಕೇ ಒತ್ತಾಗಿ ನೇಯ್ದ ಪಾಲಿಯೆಸ್ಟರ್ ಅಥವಾ ಕೋಟಿಂಗ್ ಇರುವ ಕ್ಯಾನ್ವಾಸ್ ತಗೊಳ್ಳಿ. ಮಗುವಿನ ಅಂಗಿಗೆ ಯಾರೇ ಕೇಳಿದರೂ ನಾನು ಆಗಲ್ಲ ಅನ್ನುತ್ತೇನೆ. ಇಂಕ್ ಮುಟ್ಟುವಾಗ ನೈಟ್ರೈಲ್ (ಕೃತಕ ರಬ್ಬರ್) ಗ್ಲೌಸ್ ಇರಲಿ.

ನಮ್ಮ ಮಳೆಗಾಲದಲ್ಲಿ ಬಟ್ಟೆ ತೇವ ಹಿಡಿದಿರುತ್ತದೆ. ಹೀಟ್ ಪ್ರೆಸ್‌ನಲ್ಲಿ ಒತ್ತಿ, ಸುಕ್ಕೂ ಹೋಗುತ್ತದೆ. ಎದ್ದ ಎಳೆಗಳನ್ನು ಅಂಟು ರೋಲರ್‌ನಿಂದ ತೆಗೆಯಿರಿ. ಒಂದೇ ಎಳೆ ಇಂಕ್ ಸಿಡಿಸುವ ಹೆಡ್‌ಗೆ ತಾಗಿದರೂ ಅದರ ನಾಝಲ್ (ಇಂಕ್ ಬರುವ ಸಣ್ಣ ತೂತು) ಕಟ್ಟಬಹುದು. ಹೆಡ್ಡಿನ ಬೆಲೆ ಕೇಳಿದರೆ ನಿದ್ದೆ ಬರಲ್ಲ ಬಿಡಿ.

ಬಾಗುವ ಇಂಕನ್ನೇ ಹಾಕಿ, ಗಡಸು ಇಂಕ್ ಮಡಚಿದಲ್ಲಿ ಬಿರಿಯುತ್ತದೆ.

ಮೊದಲು ತುಂಡು ಬಟ್ಟೆಗೆ ಹೊಡೆದು, ಬಿಳಿ ಬಟ್ಟೆಯಿಂದ ಜೋರಾಗಿ ಉಜ್ಜಿ. ಬಣ್ಣ ಬಂದರೆ ವೇಗ ಇಳಿಸಿ ಇಲ್ಲವೇ ಲ್ಯಾಂಪ್ ಪವರ್ ಏರಿಸಿ. ಹಿಂಬದಿಯನ್ನೂ ಉಜ್ಜಿ ನೋಡಿ. ಅಲ್ಲಿ ಅಂಟಂಟು ಇದ್ದರೆ ಇಂಕ್ ಪ್ರಮಾಣ ತಗ್ಗಿಸಿ, ಅಥವಾ ಬಟ್ಟೆಯನ್ನೇ ಬದಲಿಸಿ.