ಮಳೆಗಾಲ ದಾಟಿದ ಬೋಟಿನ ಬ್ಯಾಟರಿ: ನನ್ನ ಅನುಭವ

ಈ ಸಲವೂ ಹಳೇ ಬ್ಯಾಟರಿಯಲ್ಲೇ ಸೆಲ್ಫ್ ಒತ್ತಿದ ಕೂಡಲೇ ಎಂಜಿನ್ ಸ್ಟಾರ್ಟ್ ಆಯಿತು. "ಕಾಯಂ ಚಾರ್ಜಿಗೆ ಹಾಕದೆ ಬ್ಯಾಟರಿ ಉಳಿಯಲ್ಲ ಮಾರಾಯ" ಅಂದವರೇ ಬಂದು ವೋಲ್ಟ್ ಮೀಟರ್ ಹಿಡಿದು ನೋಡಿ ಹೋದರು.

ಜೂನ್‌ನಲ್ಲಿ ಕಾವೇರಿ ಕೆಂಪಾಗಿ ಏರಿದರೆ ನಮ್ಮ ಬೋಟು ದಡ ಸೇರುತ್ತದೆ. ಮತ್ತೆ ನೀರಿಗಿಳಿಯುವುದು ಅಕ್ಟೋಬರ್ ಹೊತ್ತಿಗೆ. ಮೊದಲೆಲ್ಲ ಎರಡು ಮಳೆಗಾಲಕ್ಕೇ ಒಂದು ಬ್ಯಾಟರಿ ಕೈ ಕೊಡುತ್ತಿತ್ತು. ಪ್ರತಿ ಸಲ 8,000 ರೂಪಾಯಿ ಹತ್ತಿರ ಖರ್ಚು.

ಸೋಲಾರ್ ಪ್ಯಾನೆಲ್ ಹಾಕು ಅಂದರು. 20 ವ್ಯಾಟಿನದು ತಂದೆ, ಕಂಟ್ರೋಲರ್ ಸೇರಿ 2,500 ಆಗಿರಬೇಕು. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟಿನ ಜಡಿಮಳೆ ತಿಂಗಳಲ್ಲಿ, ಕೊಡಗಿಗೆ ಬಿಸಿಲೆಲ್ಲಿ? ಕೈಲ್‌ಪೊಳ್ದ್ ಹಬ್ಬದ (ಸೆಪ್ಟೆಂಬರ್ ಮೊದಲಲ್ಲಿ) ಹೊತ್ತಿಗೆ ಬ್ಯಾಟರಿ 11.8 ವೋಲ್ಟಿಗೆ ಇಳಿದು ಹೆಚ್ಚುಕಡಿಮೆ ಖಾಲಿಯಾಗಿತ್ತು. ಆಮೇಲೆ ಆಟೋಮ್ಯಾಟಿಕ್ ಚಾರ್ಜರ್ ತಂದೆ. ಸಾಮಾನು ಒಳ್ಳೆಯದೇ. ಆದರೆ ಕರೆಂಟು ಹೋಗಿ ಬಂದರೆ ತಾನಾಗಿ ಶುರುವಾಗುವುದಿಲ್ಲ, ಬಟನ್ ಒತ್ತಬೇಕು. ಮರ ಬಿದ್ದು ಲೈನ್ ಹೋಗುತ್ತಲೇ ಇರುವ ಊರಿನಲ್ಲಿ ಅದನ್ನು ಕಾದು ಕೂರುವವರು ಯಾರು?

ಈಗ ಬ್ಯಾಟರಿಯನ್ನೇ ಬಿಚ್ಚಿ ಮನೆಗೆ ತರುತ್ತೇನೆ. ನೆಗೆಟಿವ್ ವೈರ್ ಮಾತ್ರ ಕಳಚಿ ಬೋಟಿನಲ್ಲೇ ಬಿಟ್ಟರೆ ನಮ್ಮಲ್ಲಿ ಸಾಲದು. ಇಲ್ಲಿನ ತೊಂದರೆಯೇ ತೇವ. ಬ್ಯಾಟರಿಯ ತಲೆ ಮೇಲೆ ಒದ್ದೆ ಕೊಳೆ ಕೂತರೆ ಅದರಲ್ಲೇ ಕರೆಂಟು ಸೋರುತ್ತದೆ. ಮೀಟರಿನ ಒಂದು ಮೊನೆ ಟರ್ಮಿನಲ್ಲಿಗೆ, ಇನ್ನೊಂದು ಪ್ಲಾಸ್ಟಿಕ್ ಮೈ ಮೇಲೆ ಇಟ್ಟು ನೋಡಿ. ನನಗೆ 3–4 ವೋಲ್ಟ್ ಕಂಡಿದ್ದಿದೆ! ಮುಚ್ಚಳ ಬಿಗಿ ಮಾಡಿ, ಸೋಡಾಪುಡಿ ನೀರಲ್ಲಿ ಒರೆಸಿ ಒಣಗಿಸಿದ ಮೇಲೆ ಏನೂ ತೋರಿಸಲಿಲ್ಲ. ಇದಕ್ಕೆ ಪೈಸೆ ಖರ್ಚಿಲ್ಲ.

ಆಮೇಲೆ ಪೂರ್ತಿ ಚಾರ್ಜು, ಡಿಸ್ಟಿಲ್ಡ್ ವಾಟರ್, ಗಾಳಿ ಆಡುವ ಕೋಣೆ. ತಿಂಗಳಿಗೊಮ್ಮೆ ಮೀಟರ್ ಹಿಡಿಯುತ್ತೇನೆ. 12.5 ವೋಲ್ಟಿಗೆ ಇಳಿದರೆ ಮಾತ್ರ ಕಡಿಮೆ ಆಂಪಿಯರಿನಲ್ಲಿ ರಾತ್ರಿಯಿಡೀ ಚಾರ್ಜು. 12.4ಕ್ಕಿಂತ ಕೆಳಗೆ ಹಾಗೇ ಬಿಟ್ಟರೆ ಒಳಗಿನ ಸೀಸದ ಪ್ಲೇಟಿಗೆ ಸಲ್ಫೇಟಿನ ಗಟ್ಟಿ ಪದರ ಕಟ್ಟಿ ಬ್ಯಾಟರಿ ಹಾಳಾಗುತ್ತದೆ, ಗೊತ್ತಲ್ವಾ. ತಣ್ಣಗಿದ್ದಷ್ಟೂ ಬ್ಯಾಟರಿ ತಾನಾಗಿ ಇಳಿಯುವುದು ಕಡಿಮೆ. ನಮ್ಮ ಮಳೆಗಾಲದ ಚಳಿಯೇ ಅದನ್ನು ಕಾಯುತ್ತದೆ. ಕಾಯಂ ಚಾರ್ಜು ಬೇಡ ಅಂತ ನಾನು ಹಟ ಹಿಡಿದದ್ದು ಇದಕ್ಕೇ.

ಸಿಮೆಂಟ್ ನೆಲದ ಮೇಲಿಟ್ಟರೆ ಇಳಿಯುತ್ತದೆ ಅನ್ನುವುದನ್ನೂ ನೋಡಿಬಿಟ್ಟೆ. ಒಂದೇ ವಯಸ್ಸಿನ ಎರಡು ಬ್ಯಾಟರಿ, ಒಂದು ನೆಲದಲ್ಲಿ, ಒಂದು ಹಲಗೆ ಮೇಲೆ. ಏನೂ ವ್ಯತ್ಯಾಸವಿಲ್ಲ.

ಟರ್ಮಿನಲ್ಲಿಗೆ ವ್ಯಾಸಲಿನ್ ಜೊತೆ ಇನ್ನೊಂದನ್ನು ಬೆರೆಸಿ ಹಚ್ಚುತ್ತೇನೆ. ಅದೇನು ಅಂತ ಸದ್ಯಕ್ಕೆ ನನ್ನಲ್ಲೇ ಇರಲಿ. ಬ್ಯಾಟರಿಗೆ ಈಗ ಐದನೇ ವರ್ಷ ನಡೆಯುತ್ತಿದೆ. ಸೋಲಾರ್ ಪ್ಯಾನೆಲ್ ಬೇಸಗೆಯಲ್ಲಿ ಕೊಟ್ಟಿಗೆ ಲೈಟಿಗೆ ಆಗುತ್ತದೆ.