1.4 ಲಕ್ಷ ಕಿಲೋಮೀಟರ್ ಓಡಿದ ಆಟೋಮ್ಯಾಟಿಕ್ ಕಾರಿಗೆ ಗೇರ್‌ಬಾಕ್ಸ್ ಆಯಿಲ್: ನನ್ನ ಅನುಭವ

ನಮ್ಮ ಕಾರಿನ ಗೇರ್‌ಬಾಕ್ಸ್ ಆಯಿಲ್ ಒಮ್ಮೆಯೂ ಬದಲಾಗಿರಲಿಲ್ಲ. ಧಾರವಾಡದಿಂದ ಹುಬ್ಬಳ್ಳಿಗೆ ಬರುವಾಗ ಉಣಕಲ್ ಹತ್ತಿರ ನಿಧಾನ ಮಾಡಿದರೆ ಸಣ್ಣ ಜರ್ಕ್ ಬರುತ್ತಿತ್ತು. "ಹಳೇ ಗಾಡಿ, ಮುಟ್ಟಬ್ಯಾಡ್ರಿ ಸರ್, ಹೊಸ ಆಯಿಲ್ ಹಾಕಿದ್ರ ಗೇರ್ ಸ್ಲಿಪ್ ಆಗ್ತಾವು" ಅಂತ ಹಲವರು ಹೆದರಿಸಿದರು. ಸ್ಲಿಪ್ ಅಂದರೆ ಎಂಜಿನ್ ಜೋರಾಗಿ ತಿರುಗಿದರೂ ಗಾಡಿಗೆ ಅಷ್ಟು ಎಳೆತ ಸಿಗದಿರುವುದು.

ಆ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಒಳಗಿನ ಕ್ಲಚ್ ಪ್ಲೇಟ್ ಮೊದಲೇ ಸವೆದಿದ್ದರೆ ಯಾವ ಆಯಿಲ್ ಹಾಕಿದರೂ ಅದು ಸರಿಹೋಗಲ್ಲ. ಹಾಗಾಗಿ ಮೊದಲು ಒಂಚೂರು ಆಯಿಲ್ ತೆಗೆಸಿ ಬಿಳಿ ಬಟ್ಟೆಯ ಮೇಲೆ ಹನಿಸಿ ನೋಡಿದೆ. ಕೆಂಪು ಹೋಗಿ ಗಾಢ ಕಂದು ಆಗಿತ್ತು. ಆದರೆ ಸುಟ್ಟ ವಾಸನೆ ಇಲ್ಲ, ಲೋಹದ ಚೂರೂ ಇಲ್ಲ. ಓಡಿಸುವಾಗ ಸ್ಲಿಪ್ ಕೂಡ ಇರಲಿಲ್ಲ. ನನಗೆ ಇಷ್ಟು ಸಾಕಾಯಿತು, ಬದಲಾಯಿಸಲೇಬೇಕು ಅನ್ನಿಸಿತು.

ಮಷಿನ್ ಹಚ್ಚಿ ಹಳೇ ಆಯಿಲನ್ನೆಲ್ಲ ಹೊರಗೆ ತಳ್ಳುವ ಫ್ಲಶ್ ಮಾಡಿಸಲಿಲ್ಲ. ಗೋಕುಲ ರೋಡಿನ ಗ್ಯಾರೇಜಿನಲ್ಲಿ ಸುಮ್ನೆ ಡ್ರೈನ್ ಮಾಡಿ, ಮ್ಯಾನುಯಲ್‌ನಲ್ಲಿ ಹೇಳಿದ ಗ್ರೇಡನ್ನೇ ತುಂಬಿಸಿದೆ. ಹೀಗೆ ಮಾಡಿದರೆ ಟಾರ್ಕ್ ಕನ್ವರ್ಟರ್‌ನಲ್ಲಿ (ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಹಳೇ ಆಯಿಲ್ ಸಾಕಷ್ಟು ಉಳಿದುಬಿಡುತ್ತದೆ, ಅಲ್ವಾ? ಅದಕ್ಕೇ ಸ್ವಲ್ಪ ದಿನ ಓಡಿಸಿ ಮತ್ತೊಮ್ಮೆ ಮಾಡಿಸಿದೆ. ಆಮೇಲೆ ಜರ್ಕ್ ಬಹುಪಾಲು ಹೋಯಿತು.

ಗೇರ್‌ಬಾಕ್ಸ್ ತಳದ ಪ್ಯಾನ್ (ಆಯಿಲ್ ನಿಲ್ಲುವ ತಟ್ಟೆ) ಬಿಚ್ಚಿದಾಗ, ಲೋಹದ ಪುಡಿ ಹಿಡಿಯಲು ಅದರಲ್ಲಿರುವ ಮ್ಯಾಗ್ನೆಟ್ ಮೇಲೆ ಕಾಡಿಗೆಯಷ್ಟು ನುಣ್ಣನೆಯ ಬೂದು ಪೇಸ್ಟ್ ಇತ್ತು. ಅದು ಮಾಮೂಲಿ. ಚೂಪಾದ ಚಕ್ಕೆ ಸಿಕ್ಕರೆ ಮಾತ್ರ ಚಿಂತೆ.

ನೀವು ಮಾಡಿಸುವುದಾದರೆ, ಆಯಿಲ್ ತುಂಬಿಸುವ ಬೋಲ್ಟ್ ಬಿಚ್ಚಲು ಬರುತ್ತಾ ಅಂತ ಮೊದಲು ನೋಡಿ, ಆಮೇಲೆ ಡ್ರೈನ್ ಬೋಲ್ಟ್ ಮುಟ್ಟಲು ಹೇಳಿ. ಲೆವೆಲ್ ನೋಡುವಾಗ ಆಯಿಲ್ ಮ್ಯಾನುಯಲ್ ಹೇಳಿದಷ್ಟೇ ಬಿಸಿ ಇರಬೇಕು. ಅವಸರದಲ್ಲಿ ಗ್ಯಾರೇಜಿನವರು ಜಾಸ್ತಿ ತಪ್ಪುವುದು ಇಲ್ಲೇ, ಪಕ್ಕದಲ್ಲಿ ನಿಂತು ಕೇಳಿ.